ಹೆಸರು ಕೇಳದೆ ಗುರುತು ಹಿಡಿಯುವವರು

ಮ್ಯಾಕ್ಸ್ ಶ್ರೆಮ್ಸ್ ಎಂಬ ಆಸ್ಟ್ರಿಯಾ ದೇಶದ ತರುಣ 2011ರಲ್ಲಿ ಇನ್ನೂ ಕಾನೂನು ವಿದ್ಯಾರ್ಥಿ. ಫೇಸ್‌ಬುಕ್ ಕಂಪನಿಯ ಬಳಿ ತನ್ನ ಬಗ್ಗೆ ಏನೇನು ಮಾಹಿತಿ ಇದೆಯೋ ಅದನ್ನೆಲ್ಲ ಕೊಡಬೇಕೆಂದು ಆತ ಕಂಪನಿಗೆ ಬರೆದು ಕೇಳಿದ. ಹಾಗೆ ಕೇಳುವ ಹಕ್ಕು ಯುರೋಪಿನ ಕಾನೂನಿನಲ್ಲಿ ಉಂಟು. ಉತ್ತರವಾಗಿ ಒಂದು ಸಿ.ಡಿ. ಬಂತು. ಅದರಲ್ಲಿದ್ದದ್ದು ಒಂದೆರಡು ಹಾಳೆಯಲ್ಲ, 1,222 ಪುಟಗಳು! ಯಾವ ಗೆಳೆಯನನ್ನು ಪಟ್ಟಿಯಿಂದ ಕೈಬಿಟ್ಟಿದ್ದ, ಯಾವ ಸಮಾರಂಭಕ್ಕೆ ಕರೆ ಬಂದಿತ್ತು ಎಂಬುದೆಲ್ಲ ಅಲ್ಲಿ ದಾಖಲಾಗಿತ್ತು. ತಾನು ಅಳಿಸಿಹಾಕಿದ್ದೇನೆಂದು ನಂಬಿದ್ದ ಸಂದೇಶಗಳೂ ಅಳಿಯದೆ ಉಳಿದಿದ್ದವು.

ಇಂದು ನಮ್ಮ ಹೈಸ್ಕೂಲು, ಕಾಲೇಜು ಮಕ್ಕಳಲ್ಲಿ ಅನೇಕರ ಕೈಗೆ ಮೊಬೈಲು ಬಂದಿದೆ. ಸ್ವಂತದ್ದಲ್ಲದಿದ್ದರೆ ಅಪ್ಪನದೋ ಅಮ್ಮನದೋ. ‘ನನ್ನ ಅಕೌಂಟಿಗೆ ಬೀಗ ಹಾಕಿದ್ದೇನೆ ಸಾರ್, ಯಾರೂ ನೋಡುವ ಹಾಗಿಲ್ಲ’ ಎಂದು ಮಕ್ಕಳು ಧೈರ್ಯವಾಗಿ ಹೇಳುತ್ತಾರೆ. ‘ನಾವು ಸಾಮಾನ್ಯ ಜನ, ಮುಚ್ಚಿಡುವಂಥದ್ದು ನಮ್ಮಲ್ಲೇನಿದೆ?’ ಎಂದು ತಂದೆತಾಯಂದಿರು ಕೇಳುತ್ತಾರೆ. ಎರಡು ಮಾತುಗಳಲ್ಲೂ ಒಂದೊಂದು ತಪ್ಪು ತಿಳಿವಳಿಕೆ ಅಡಗಿದೆ. ಅದನ್ನು ಬಿಡಿಸಿ ನೋಡೋಣ.

ಉದ್ರಿ ಪುಸ್ತಕ, ಡಾಕ್ಟರ ಚೀಟಿ

ನಮ್ಮ ಊರಿನ ಕಿರಾಣಿ ಅಂಗಡಿಯವರಿಗೆ ನಾವು ತಿಂಗಳಿಗೆ ಎಷ್ಟು ಬೇಳೆ, ಎಷ್ಟು ಎಣ್ಣೆ ಒಯ್ಯುತ್ತೇವೆ ಎಂಬುದು ಗೊತ್ತು. ಉದ್ರಿ ಪುಸ್ತಕದಲ್ಲಿ ಬರೆದಿರುತ್ತದೆ. ಡಾಕ್ಟರಿಗೆ ನಮ್ಮ ಕಾಯಿಲೆ ಗೊತ್ತು. ಗ್ರಂಥಾಲಯದ ಲೆಡ್ಜರಿನಲ್ಲಿ ನಾವು ಓದಿದ ಪುಸ್ತಕಗಳ ಹೆಸರಿದೆ. ಅರ್ಚನೆಗೆ ಕೊಟ್ಟ ಗೋತ್ರ, ನಕ್ಷತ್ರ ಅರ್ಚಕರಿಗೆ ಬಾಯಿಪಾಠ. ಬ್ಯಾಂಕಿನವರಿಗೆ ನಮ್ಮ ಸಾಲ ಗೊತ್ತು. ಇವರಲ್ಲಿ ಯಾರ ಬಗ್ಗೆಯೂ ನಮಗೆ ಭಯವಿಲ್ಲ. ಏಕೆಂದರೆ ಒಬ್ಬೊಬ್ಬರ ಬಳಿ ಇರುವುದು ನಮ್ಮ ಬದುಕಿನ ಒಂದೊಂದು ಚೂರು ಮಾತ್ರ. ಆ ಚೂರು ಇಲ್ಲದೆ ಅವರ ಕೆಲಸವೂ ನಡೆಯದು.

ಈಗ ಯಾರೋ ಒಬ್ಬ ಅಪರಿಚಿತ ದಿನವೂ ಸಂಜೆ ಈ ಎಲ್ಲರ ಬಳಿ ಹೋಗಿ ಪುಸ್ತಕಗಳನ್ನು ನಕಲು ಮಾಡಿಕೊಂಡು, ಮನೆಗೆ ಬಂದು ನಮ್ಮ ಹೆಸರಿನಲ್ಲಿ ಒಂದೇ ಕಡತ ಕಟ್ಟುತ್ತಾನೆ ಎಂದಿಟ್ಟುಕೊಳ್ಳಿ. ಕಿರಾಣಿಯಲ್ಲಿ ಸಕ್ಕರೆ ನಿಂತಿದೆ, ಔಷಧಿ ಅಂಗಡಿಗೆ ಹೋಗುವುದು ಹೆಚ್ಚಾಗಿದೆ, ಗ್ರಂಥಾಲಯದಿಂದ ಮಧುಮೇಹದ ಪುಸ್ತಕ ಬಂದಿದೆ. ನಾವು ಮನೆಯವರಿಗೂ ಹೇಳದ ಸಂಗತಿ ಅವನಿಗೆ ಹೊಳೆದುಬಿಡುತ್ತದೆ. ನಾವು ಮುಚ್ಚಿಟ್ಟದ್ದೇನೂ ಇಲ್ಲ, ಅವನು ಕದ್ದದ್ದೂ ಇಲ್ಲ. ಬಿಡಿ ಚೂರುಗಳನ್ನು ಜೋಡಿಸಿದನಷ್ಟೆ.

ಸಾಮಾಜಿಕ ಜಾಲತಾಣಗಳು ಬಳಕೆದಾರರನ್ನು ಹಿಂಬಾಲಿಸುತ್ತವೆ ಎನ್ನುವುದರ ತಿರುಳು ಇದೇ. ಅಪಾಯ ಇರುವುದು ಚೂರುಗಳಲ್ಲಿ ಅಲ್ಲ, ಜೋಡಣೆಯಲ್ಲಿ.

ಟೋಕನ್ ಕೊಡುವ ಮನುಷ್ಯ

ಜೋಡಣೆ ನಡೆಯುವುದು ಹೇಗೆ? ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಟ್ಟರೆ ಒಂದು ಟೋಕನ್ ಕೊಡುತ್ತಾರೆ. ಹೊರಗೆ ಬಂದು ಆ ಸಂಖ್ಯೆ ತೋರಿಸಿದರೆ ನಮ್ಮ ಚಪ್ಪಲಿ ನಮಗೆ ಸಿಗುತ್ತದೆ. ಅಂತರಜಾಲದಲ್ಲಿ ಈ ಟೋಕನ್ನಿಗೆ ‘ಕುಕಿ’ ಎಂದು ಹೆಸರು. ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಎಂಬ ತಂತ್ರಜ್ಞ 1994ರಲ್ಲಿ ಇದನ್ನು ರೂಪಿಸಿದ. ಒಂದು ತಾಣಕ್ಕೆ ನೀವು ಮೊದಲ ಸಲ ಹೋದಾಗ ಅದು ನಿಮ್ಮ ಬ್ರೌಸರಿಗೆ ಒಂದು ಸಂಖ್ಯೆ ಕೊಡುತ್ತದೆ. ಮತ್ತೆ ಹೋದಾಗ ಬ್ರೌಸರು ಆ ಸಂಖ್ಯೆಯನ್ನು ತೋರಿಸುತ್ತದೆ. ‘ಓಹೋ, ಇವರು ಆಗಲೇ ಬಂದವರು’ ಎಂದು ತಾಣ ಗುರುತು ಹಿಡಿಯುತ್ತದೆ. ಇದಿಲ್ಲದಿದ್ದರೆ ಪುಟ ಬದಲಿಸಿದಾಗಲೆಲ್ಲ ಪಾಸ್‌ವರ್ಡ್ ಕೊಡಬೇಕಾದೀತು. ಇಷ್ಟರ ಮಟ್ಟಿಗೆ ಕುಕಿ ಉಪಕಾರಿಯೇ.

ಆದರೆ ಊರಿನ ಎಲ್ಲ ಅಂಗಡಿಗಳ ಬಾಗಿಲಲ್ಲೂ ಟೋಕನ್ ಕೊಡುವ ಗುತ್ತಿಗೆ ಒಬ್ಬನದೇ ಆದರೆ? ಬಟ್ಟೆ ಅಂಗಡಿ, ಆಸ್ಪತ್ರೆ, ಪುಸ್ತಕದ ಮಳಿಗೆ ಎಲ್ಲ ಕಡೆಯೂ ನಾವು ಅದೇ ಟೋಕನ್ ತೋರಿಸುತ್ತೇವೆ. ನಾವು ಎಲ್ಲೆಲ್ಲಿ, ಎಷ್ಟು ಹೊತ್ತಿಗೆ ಹೋದೆವೆಂಬುದು ಆ ಗುತ್ತಿಗೆದಾರನ ಪುಸ್ತಕದಲ್ಲಿ ಸಾಲಾಗಿ ಮೂಡುತ್ತದೆ. ಇದು ಮೂರನೆಯವರ ಕುಕಿ. ಅಂಗಡಿಯೂ ಅಲ್ಲದ, ಗಿರಾಕಿಯೂ ಅಲ್ಲದ ಮೂರನೆಯವನು ಇಟ್ಟದ್ದು.

ಒಂದು ಚುಕ್ಕೆಯ ಚಿತ್ರ

ಒಂದು ಜಾಲಪುಟ ನಮ್ಮ ಪರದೆಯ ಮೇಲೆ ಮೂಡುವಾಗ ಅದರ ಎಲ್ಲ ಭಾಗಗಳೂ ಒಂದೇ ಕಂಪ್ಯೂಟರಿನಿಂದ ಬರುವುದಿಲ್ಲ. ಬರಹ ಒಂದು ಕಡೆಯಿಂದ, ಚಿತ್ರ ಇನ್ನೊಂದು ಕಡೆಯಿಂದ, ಜಾಹೀರಾತು ಮತ್ತೊಂದು ಕಡೆಯಿಂದ ಬಂದು ಸೇರುತ್ತವೆ. 2010ರ ಏಪ್ರಿಲ್‌ನಲ್ಲಿ ಫೇಸ್‌ಬುಕ್ ತನ್ನ ‘ಲೈಕ್’ ಗುಂಡಿಯನ್ನು ಬೇರೆ ತಾಣಗಳಿಗೂ ಹಂಚಿತು. ಆ ಗುಂಡಿಯ ಚಿತ್ರ ಬರುವುದು ಫೇಸ್‌ಬುಕ್ಕಿನ ಕಂಪ್ಯೂಟರಿನಿಂದ. ಅದನ್ನು ತರಿಸಿಕೊಳ್ಳುವಾಗ ಬ್ರೌಸರು ನಮ್ಮ ಟೋಕನ್ ಸಂಖ್ಯೆಯನ್ನೂ, ನಾವು ಓದುತ್ತಿರುವ ಪುಟದ ವಿಳಾಸವನ್ನೂ ಫೇಸ್‌ಬುಕ್ಕಿಗೆ ತಲುಪಿಸಿಬಿಡುತ್ತಿತ್ತು. ಗುಂಡಿಯನ್ನು ಒತ್ತಬೇಕೆಂದೇನೂ ಇಲ್ಲ. ಅದು ಪುಟದಲ್ಲಿ ಕಾಣಿಸಿಕೊಂಡರೆ ಸಾಕು!

ಇತ್ತೀಚೆಗೆ ಆ ಗುಂಡಿ ಮರೆಯಾಗುತ್ತ ಬಂದು, ಅದರ ಕೆಲಸವನ್ನು ‘ಪಿಕ್ಸೆಲ್’ ಎಂಬ ಪುಟ್ಟ ಸಂಕೇತ ವಹಿಸಿಕೊಂಡಿದೆ. ಮೊದಲಿಗೆ ಇದು ಬಣ್ಣವಿಲ್ಲದ ಒಂದು ಚುಕ್ಕೆಯಷ್ಟು ಚಿತ್ರ, ಕಣ್ಣಿಗೂ ಕಾಣದು. ಈಗ ಅದರ ಜೊತೆ ಒಂದು ಸಣ್ಣ ಪ್ರೋಗ್ರಾಮೂ ಇರುತ್ತದೆ. ಅಂಗಡಿಗಳು, ಕೋಚಿಂಗ್ ಸಂಸ್ಥೆಗಳು, ಸುದ್ದಿ ತಾಣಗಳು ತಮ್ಮ ಜಾಹೀರಾತಿನ ಅನುಕೂಲಕ್ಕೆ ತಾವಾಗಿಯೇ ಇದನ್ನು ತಮ್ಮ ಪುಟಗಳಲ್ಲಿ ಕೂರಿಸಿಕೊಳ್ಳುತ್ತವೆ.

ಫೇಸ್‌ಬುಕ್ ಖಾತೆಯೇ ಇಲ್ಲದವರನ್ನೂ ಹೀಗೆ ಹಿಂಬಾಲಿಸಿದ್ದು ಕಾನೂನಿಗೆ ವಿರುದ್ಧ ಎಂದು ಬೆಲ್ಜಿಯಂ ದೇಶದ ಬ್ರಸೆಲ್ಸ್ ನ್ಯಾಯಾಲಯ 2018ರ ಫೆಬ್ರವರಿಯಲ್ಲಿ ಹೇಳಿತು. ನಿಲ್ಲಿಸದಿದ್ದರೆ ದಿನಕ್ಕೆ 2,50,000 ಯೂರೋ ದಂಡ ಎಂದು ಎಚ್ಚರಿಸಿತು. ಕಂಪನಿ ಮೇಲ್ಮನವಿಗೆ ಹೋಯಿತು.

ಈಗ ಅಕೌಂಟಿನ ಬೀಗದ ವಿಷಯ. ಬೀಗ ಹಾಕಿದರೆ ನಿಮ್ಮ ಚಿತ್ರಗಳು ಅಪರಿಚಿತರಿಗೆ ಕಾಣಿಸುವುದಿಲ್ಲ. ಅದು ಒಳ್ಳೆಯದೇ, ಹಾಕಲೇಬೇಕು. ಆದರೆ ಬೀಗ ಇರುವುದು ಬೀದಿ ಬಾಗಿಲಿಗೆ. ಮನೆ ಕಟ್ಟಿಕೊಟ್ಟ ಕಂಪನಿ ಒಳಗೇ ಕುಳಿತಿದೆ.

30 ಸಾವಿರದಲ್ಲಿ ಒಬ್ಬರು

‘ನಾನು ನನ್ನ ನಿಜವಾದ ಹೆಸರನ್ನೇ ಕೊಟ್ಟಿಲ್ಲ’ ಎನ್ನುವ ಜಾಣರೂ ಇದ್ದಾರೆ. ಹೆಸರು ಬೇಕಾಗಿಯೇ ಇಲ್ಲ. ಒಂದು ಲೆಕ್ಕ ಮಾಡೋಣ. ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿಯಲಿ.

ಒಂದು ಪಿನ್‌ಕೋಡಿನ ವ್ಯಾಪ್ತಿಯಲ್ಲಿ 30,000 ಜನರಿದ್ದಾರೆನ್ನಿ. ಗಂಡೋ ಹೆಣ್ಣೋ ಎಂದು ಗೊತ್ತಾದರೆ ಉಳಿಯುವವರು ಸುಮಾರು 15,000. ಹುಟ್ಟಿದ ತಿಂಗಳು, ತಾರೀಖು ಗೊತ್ತಾದರೆ 365ರಿಂದ ಭಾಗಿಸಿ: ಉಳಿದವರು 41. ಈ 41 ಮಂದಿ ಎಳೆಯ ಮಕ್ಕಳಿಂದ ಮುದುಕರವರೆಗೆ ಬೇರೆ ಬೇರೆ ವಯಸ್ಸಿನವರು. ಹುಟ್ಟಿದ ಇಸವಿಯೂ ತಿಳಿದರೆ ಹೆಚ್ಚುಕಡಿಮೆ ಒಬ್ಬರೇ ಉಳಿಯುತ್ತಾರೆ. ಪಿನ್‌ಕೋಡು, ಲಿಂಗ, ಜನ್ಮದಿನಾಂಕ ಈ ಮೂರರಿಂದಲೇ ಅಮೆರಿಕದ ಜನಸಂಖ್ಯೆಯ ಶೇ. 87ರಷ್ಟು ಮಂದಿಯನ್ನು ಒಬ್ಬೊಬ್ಬರಾಗಿ ಬೇರ್ಪಡಿಸಬಹುದೆಂದು ಲಟಾನ್ಯಾ ಸ್ವೀನಿ ಎಂಬ ವಿಜ್ಞಾನಿ 2000ನೆಯ ಇಸವಿಯಲ್ಲಿ ಅಂದಾಜು ಮಾಡಿದ್ದರು.

ಇನ್ನೊಂದು ಬಗೆಯಲ್ಲಿ ನೋಡಿ. ‘ಹೌದು’ ಅಥವಾ ‘ಅಲ್ಲ’ ಎಂಬ ಉತ್ತರ ಬರುವ, ಜನರನ್ನು ಸರಿಯಾಗಿ ಎರಡು ಪಾಲು ಮಾಡುವ ಪ್ರಶ್ನೆಗಳು 10 ಇದ್ದರೆ 1,024 ಮಂದಿಯಲ್ಲಿ ಒಬ್ಬರನ್ನು ಹುಡುಕಬಹುದು. 20 ಇದ್ದರೆ ಹತ್ತು ಲಕ್ಷಕ್ಕೂ ಮೀರಿದ ಜನರಲ್ಲಿ ಒಬ್ಬರನ್ನು. 33 ಪ್ರಶ್ನೆಗಳಿದ್ದರೆ? ಎರಡನ್ನು 33 ಸಲ ಗುಣಿಸಿ. 858 ಕೋಟಿ ದಾಟುತ್ತದೆ. ಅಂದರೆ ಭೂಮಿಯ ಮೇಲಿನ ಎಲ್ಲರಲ್ಲಿ ಒಬ್ಬರನ್ನು ಗುರುತಿಸಲು 33 ಉತ್ತರಗಳು ಸಾಕು. 2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯವರು 4.37 ಕೋಟಿ. ಹೀಗಾಗಿ ನೀವು ಕನ್ನಡದವರು ಎಂದು ತಿಳಿದರೆ ಏಳು ಪ್ರಶ್ನೆಗಳಿಗೆ ಒಂದೇ ಏಟಿಗೆ ಉತ್ತರ ಸಿಕ್ಕಂತೆ. ಹುಟ್ಟುಹಬ್ಬದ ದಿನ ಗೊತ್ತಾದರೆ ಇನ್ನೂ ಎಂಟಕ್ಕೆ. ಗೆಳೆಯರಿಂದ ಶುಭಾಶಯ ಬರಲೆಂದು ನಾವು ಸಂತೋಷದಿಂದ ಬರೆದಿಟ್ಟ ತಾರೀಖು ಅದು!

ಮೆಚ್ಚುಗೆಯ ಗುಂಡಿಯಿಂದ ಎಷ್ಟು ತಿಳಿಯುತ್ತದೆ ಎಂಬುದನ್ನೂ ಪರೀಕ್ಷಿಸಿದ್ದಾರೆ. ಕೇಂಬ್ರಿಜ್‌ನ ಸಂಶೋಧಕರು 58,000ಕ್ಕೂ ಹೆಚ್ಚು ಸ್ವಯಂಸೇವಕರ ‘ಲೈಕ್’ಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಬಂಧ ಪ್ರಕಟಿಸಿದರು. ಒಬ್ಬ ಗಂಡಸು, ಒಬ್ಬ ಹೆಂಗಸು ಇರುವ ಜೋಡಿಯನ್ನು ಕೊಟ್ಟರೆ ಯಾರು ಯಾರೆಂದು 100ಕ್ಕೆ 93 ಸಲ ಲೆಕ್ಕ ಸರಿಬರುತ್ತಿತ್ತು. ರಾಜಕೀಯ ಒಲವನ್ನು 85 ಸಲ ಊಹಿಸಬಹುದಿತ್ತು. ಆ ಜನ ತಮ್ಮ ಒಲವನ್ನು ಬರೆದು ತಿಳಿಸಬೇಕಾಗಿರಲಿಲ್ಲ. ಮೆಚ್ಚಿದ ಹಾಡು, ತಿಂಡಿ, ನಟರ ಪಟ್ಟಿಯಿಂದಲೇ ಗಣಿತ ಅದನ್ನು ಹೊರತೆಗೆಯಿತು.

ಫೋನು ಕದ್ದು ಕೇಳುತ್ತದೆಯೆ?

‘ಮನೆಯಲ್ಲಿ ಮಿಕ್ಸಿಯ ಬಗ್ಗೆ ಮಾತಾಡಿದೆವು, ಸಂಜೆ ಮಿಕ್ಸಿಯ ಜಾಹೀರಾತು ಬಂತು’ ಎಂದು ಹಲವರು ಹೇಳುವುದನ್ನು ಕೇಳಿರಬಹುದು. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಈ ಗುಮಾನಿಯನ್ನು ಪರೀಕ್ಷೆಗೆ ಒಡ್ಡಿದರು. 17,000ಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರಿಶೀಲಿಸಿ 2018ರಲ್ಲಿ ವರದಿ ಕೊಟ್ಟಾಗ, ಗುಟ್ಟಾಗಿ ಮೈಕ್ ತೆರೆದು ಮಾತು ಕಳಿಸಿದ ಒಂದು ನಿದರ್ಶನವೂ ಅವರಿಗೆ ಸಿಕ್ಕಿರಲಿಲ್ಲ. ಹಾಗಾದರೆ ಮಿಕ್ಸಿ ಬಂದದ್ದು ಹೇಗೆ? ಮನೆಯಲ್ಲಿ ಇನ್ನೊಬ್ಬರು ಅದೇ ವೈಫೈನಲ್ಲಿ ಬೆಲೆ ಹುಡುಕಿರಬಹುದು. ನಿಮ್ಮ ವಯಸ್ಸಿನ, ನಿಮ್ಮೂರಿನ ಬಹಳ ಮಂದಿ ಹಬ್ಬದ ಮುಂಚೆ ಮಿಕ್ಸಿ ಕೊಳ್ಳುವುದು ಕಂಪನಿಗೆ ಗೊತ್ತಿರಬಹುದು. ಅಲ್ಲದೆ ಕಣ್ಣಿಗೆ ಬಿದ್ದ ನೂರು ಜಾಹೀರಾತುಗಳಲ್ಲಿ ಹೊಂದದ 99 ನಮಗೆ ಮರೆತುಹೋಗಿ, ಹೊಂದಿದ ಒಂದೇ ನೆನಪಿನಲ್ಲಿ ಉಳಿಯುತ್ತದೆ. ಕದ್ದು ಕೇಳದೆಯೇ ಇಷ್ಟು ಹತ್ತಿರ ಊಹಿಸಬಲ್ಲರು ಎಂಬುದೇ ನಾವು ಯೋಚಿಸಬೇಕಾದ ವಿಷಯ.

ಜಾಹೀರಾತು ತಾನೆ, ಬಂದರೇನು?

ಇದು ನ್ಯಾಯವಾದ ಪ್ರಶ್ನೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್ ಮೂರರ ಒಡೆತನ ಮೆಟಾ ಕಂಪನಿಯದು. 2024ರಲ್ಲಿ ಅದರ ಆದಾಯ 16,450 ಕೋಟಿ ಡಾಲರ್. ಅದರಲ್ಲಿ ಪ್ರತಿ 100 ಡಾಲರಿಗೆ 97ಕ್ಕೂ ಹೆಚ್ಚು ಜಾಹೀರಾತಿನಿಂದಲೇ ಬಂದದ್ದು. ಬಳಕೆದಾರರಿಂದ ಕಾಸು ಪಡೆಯದೆ ಕಂಪನಿ ನಡೆಯುವುದು ಈ ಹಣದಿಂದ. ಆಪಲ್ ಕಂಪನಿ 2021ರ ಏಪ್ರಿಲ್‌ನಲ್ಲಿ ತನ್ನ ಫೋನುಗಳಲ್ಲಿ ‘ಈ ಆ್ಯಪ್ ನಿಮ್ಮನ್ನು ಹಿಂಬಾಲಿಸಲು ಬಿಡಬೇಕೆ?’ ಎಂದು ಕೇಳುವ ಏರ್ಪಾಟು ತಂದಿತು. ಇದರಿಂದ 2022ರಲ್ಲಿ ತನಗೆ ಸುಮಾರು 1,000 ಕೋಟಿ ಡಾಲರ್ ಖೋತಾ ಆಗಬಹುದೆಂದು ಮೆಟಾ ಹೇಳಿತು. ‘ಬೇಡ’ ಎಂಬ ಒಂದು ಗುಂಡಿಗೆ ಇಷ್ಟು ಬೆಲೆ!

ಮಿಕ್ಸಿಯ ಜಾಹೀರಾತಿನಿಂದ ಯಾರಿಗೂ ಕೇಡಿಲ್ಲ. ಆದರೆ 2017ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಒಂದು ಪತ್ರಿಕೆ ಫೇಸ್‌ಬುಕ್ಕಿನ ಒಳಗಿನ ದಾಖಲೆಯೊಂದನ್ನು ಬಯಲಿಗೆಳೆಯಿತು. 14 ವರ್ಷದ ಮಕ್ಕಳೂ ಸೇರಿದಂತೆ ಹರೆಯದವರಿಗೆ ‘ನಾನು ಯಾತಕ್ಕೂ ಬಾರದವನು’ ಎನ್ನಿಸುವ ಗಳಿಗೆಯನ್ನು ಅವರ ಚಟುವಟಿಕೆಯಿಂದ ಗುರುತಿಸಬಹುದು ಎಂಬ ವಿವರ ಅದರಲ್ಲಿತ್ತೆಂದು ಪತ್ರಿಕೆ ವರದಿ ಮಾಡಿತು. ಮನಸ್ಥಿತಿಯನ್ನು ನೋಡಿ ಜಾಹೀರಾತು ಕೊಡುವ ಸೌಲಭ್ಯ ತನ್ನಲ್ಲಿಲ್ಲವೆಂದು ಕಂಪನಿ ಉತ್ತರಿಸಿತು. ಏನೇ ಇರಲಿ, ಪರೀಕ್ಷೆಯ ಫಲಿತಾಂಶ ಬಂದ ರಾತ್ರಿ ಒಬ್ಬ ಹುಡುಗ ಏನು ನೋಡಿದ, ಎಷ್ಟು ಹೊತ್ತು ನೋಡಿದ ಎಂಬುದು ಅವನ ತಾಯಿಗೆ ತಿಳಿಯದೆ ಎಲ್ಲೋ ದಾಖಲಾಗುವುದು ಸಣ್ಣ ಮಾತಲ್ಲ. ‘ಮುಚ್ಚಿಡುವಂಥದ್ದೇನಿದೆ’ ಎನ್ನುವವರು ಇದನ್ನು ಗಮನಿಸಬೇಕು.

ಒಬ್ಬರ ಅಜಾಗರೂಕತೆಯಿಂದ ಮತ್ತೊಬ್ಬರ ಮನೆಗೂ ತೂತು ಬೀಳುತ್ತದೆ. ಕೇಂಬ್ರಿಜ್ ಅನಲಿಟಿಕಾ ಎಂಬ ಸಂಸ್ಥೆಯ ಹಗರಣ 2018ರಲ್ಲಿ ಹೊರಬಂದಾಗ ಫೇಸ್‌ಬುಕ್ ತಾನೇ ಕೊಟ್ಟ ಲೆಕ್ಕ ಹೀಗಿದೆ: ಮಾಹಿತಿ ಎಳೆದುಕೊಂಡ ಆ್ಯಪನ್ನು ಹಾಕಿಕೊಂಡ ಭಾರತೀಯರು 335. ಹಾಕಿಕೊಂಡವರ ಸ್ನೇಹಿತರಾಗಿದ್ದ ತಪ್ಪಿಗೆ ಮಾಹಿತಿ ಸೋರಿರಬಹುದಾದ ಭಾರತೀಯರು 5,62,120!

ತಡೆಯುವುದು ಹೇಗೆ?

ಮೊಬೈಲನ್ನು ಬಾವಿಗೆ ಎಸೆಯಬೇಕಾಗಿಲ್ಲ. ಚೂರುಗಳು ಒಂದಕ್ಕೊಂದು ಅಂಟದಂತೆ ನೋಡಿಕೊಂಡರೆ ಬಹುಪಾಲು ಕೆಲಸ ಆದಂತೆ. ಅರ್ಧ ಗಂಟೆ ಬಿಡುವಿದ್ದರೆ ಸಾಕು.

ಮೊದಲನೆಯದು, ಬ್ರೌಸರು. ಅದರ ಸೆಟ್ಟಿಂಗ್ಸ್‌ನಲ್ಲಿ ‘ಥರ್ಡ್ ಪಾರ್ಟಿ ಕುಕೀಸ್’ ಎಂಬುದನ್ನು ‘ಬ್ಲಾಕ್’ ಮಾಡಿ. ಸಫಾರಿ 2020ರಿಂದ ಇವನ್ನು ತಾನಾಗಿಯೇ ತಡೆಯುತ್ತದೆ. ಫೈರ್‌ಫಾಕ್ಸ್ ಒಂದೊಂದು ತಾಣದ ಕುಕಿಯನ್ನು ಬೇರೆ ಬೇರೆ ಡಬ್ಬಿಯಲ್ಲಿ ಇಡುತ್ತದೆ. ಕ್ರೋಮ್‌ನಲ್ಲಿ ನಾವೇ ಹುಡುಕಿ ತಡೆಯಬೇಕು. ಜಾಲತಾಣದ ಕೆಲಸ ಮುಗಿದ ಮೇಲೆ ಲಾಗ್‌ಔಟ್ ಮಾಡುವುದು, ಅದಕ್ಕೆಂದೇ ಒಂದು ಬ್ರೌಸರು, ಓದಿಗೆ ಇನ್ನೊಂದು ಬ್ರೌಸರು ಇಟ್ಟುಕೊಳ್ಳುವುದು ಇನ್ನೂ ಉತ್ತಮ.

ಎರಡನೆಯದು, ಫೋನು. ಪ್ರತಿ ಆಂಡ್ರಾಯ್ಡ್ ಫೋನಿಗೂ ಜಾಹೀರಾತಿಗೆಂದೇ ಒಂದು ಗುರುತಿನ ಸಂಖ್ಯೆ ಇರುತ್ತದೆ. ಪ್ರೈವೆಸಿ ವಿಭಾಗದ ‘ಆ್ಯಡ್ಸ್’ನಲ್ಲಿ ಅದನ್ನು ಅಳಿಸಿಹಾಕಬಹುದು. ಐಫೋನಿನಲ್ಲಿ ‘ಟ್ರ್ಯಾಕಿಂಗ್’ ಎಂಬಲ್ಲಿ ಅನುಮತಿಯನ್ನು ಮುಚ್ಚಿಬಿಡಿ. ಅನಂತರ ಯಾವ ಯಾವ ಆ್ಯಪಿಗೆ ನೀವಿರುವ ಸ್ಥಳ, ವಿಳಾಸ ಪುಸ್ತಕ, ಮೈಕಿನ ಅನುಮತಿ ಇದೆ ಎಂದು ನೋಡಿ. ಟಾರ್ಚಿನ ಆ್ಯಪಿಗೆ ನಿಮ್ಮ ಅತ್ತಿಗೆಯ ಫೋನ್ ನಂಬರು ಯಾಕೆ ಬೇಕು?

ಮೂರನೆಯದು, ಖಾತೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳ ‘ಅಕೌಂಟ್ಸ್ ಸೆಂಟರ್’ ಎಂಬಲ್ಲಿ, ಬೇರೆ ತಾಣಗಳು ನಿಮ್ಮ ಬಗ್ಗೆ ಮೆಟಾಕ್ಕೆ ಕಳಿಸಿದ ಸಂಗತಿಗಳ ಪಟ್ಟಿ ಸಿಗುತ್ತದೆ. ಅದನ್ನು ಖಾತೆಯಿಂದ ಬೇರ್ಪಡಿಸಬಹುದು. ಮುಂದೆಯೂ ಜೋಡಿಸಬಾರದೆಂದು ಹೇಳಬಹುದು. ಮಾಹಿತಿ ಬರುವುದು ಇದರಿಂದ ನಿಲ್ಲುವುದಿಲ್ಲ, ನಿಮ್ಮ ಖಾತೆಗೆ ಅಂಟುವುದು ನಿಲ್ಲುತ್ತದೆ. ಹೊಸ ತಾಣಗಳಲ್ಲಿ ‘ಫೇಸ್‌ಬುಕ್ ಮೂಲಕ ಲಾಗಿನ್’ ಎಂಬ ಸುಲಭದ ದಾರಿ ಬೇಡ; ಅದು ನಾವೇ ಕೈಯಾರೆ ಹಾಕುವ ಹೊಲಿಗೆ.

ನಾಲ್ಕನೆಯದು, ಗೆಳೆಯರು. ವಿಳಾಸ ಪುಸ್ತಕವನ್ನು ಒಪ್ಪಿಸಿದರೆ ಅದರಲ್ಲಿರುವ ಎಲ್ಲರ ಮಾಹಿತಿಯನ್ನೂ ಒಪ್ಪಿಸಿದಂತೆ. ‘ನೀವು ಯಾವ ನಟನನ್ನು ಹೋಲುತ್ತೀರಿ?’ ಎಂಬಂಥ ಆಟಗಳಿಗೆ ಅನುಮತಿ ಕೊಡುವ ಮುನ್ನ ಮೇಲಿನ 335ರ ಲೆಕ್ಕ ನೆನಪಿರಲಿ.

‘ಇನ್‌ಕಾಗ್ನಿಟೊ’ ಎಂಬ ಗುಪ್ತ ಕಿಟಕಿಯನ್ನು ನಂಬಿ ಕೂರುವವರಿಗೊಂದು ಎಚ್ಚರಿಕೆ. ಅದು ಮುಖ್ಯವಾಗಿ ನಿಮ್ಮ ಫೋನಿನಲ್ಲಿ ಚರಿತ್ರೆ ಉಳಿಯದಂತೆ ಮಾಡುತ್ತದೆ. ಹೊರಗಿನವರ ಕಣ್ಣು ಕಟ್ಟುವುದಿಲ್ಲ. ಆಂಡ್ರಾಯ್ಡ್ ಫೋನುಗಳಲ್ಲಿ ಬ್ರೌಸರಿನೊಳಗಿನ ಪಿಕ್ಸೆಲ್, ಅದೇ ಫೋನಿನಲ್ಲಿರುವ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಆ್ಯಪ್‌ಗಳಿಗೆ ಒಳದಾರಿಯಿಂದ ಗುರುತಿನ ಸಂಖ್ಯೆ ದಾಟಿಸುತ್ತಿದ್ದುದನ್ನು ಸ್ಪೇನ್, ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂನ ಸಂಶೋಧಕರು 2025ರ ಜೂನ್‌ನಲ್ಲಿ ಬಯಲಿಗೆಳೆದರು. ಗುಪ್ತ ಕಿಟಕಿಯಲ್ಲೂ ಇದು ನಡೆಯುತ್ತಿತ್ತು! ಸುದ್ದಿ ಹೊರಬಿದ್ದ ದಿನವೇ ಮೆಟಾ ಅದನ್ನು ನಿಲ್ಲಿಸಿತು. ಆ್ಯಪನ್ನೇ ತೆಗೆದುಹಾಕಿ, ಬೇಕಾದಾಗ ಬ್ರೌಸರಿನಲ್ಲಿ ತಾಣವನ್ನು ತೆರೆಯುವುದು ಕ್ಷೇಮ ಎನ್ನುವುದಕ್ಕೆ ಇದೊಂದು ಕಾರಣ.

ಕಾನೂನಿನ ಬೆಂಬಲ

ಈ ವಿಷಯದಲ್ಲಿ ದೇಶಕ್ಕೆಲ್ಲ ಉಪಕಾರವಾದ ತೀರ್ಪಿನ ಹಿಂದೆ ಕರ್ನಾಟಕದ ಹಿರಿಯರೊಬ್ಬರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಪ್ರತಿಯೊಬ್ಬ ನಾಗರಿಕನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ತಂದೆತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು. ಮಕ್ಕಳನ್ನು ಹಿಂಬಾಲಿಸುವುದು, ಅವರ ನಡವಳಿಕೆಯನ್ನು ಗಮನಿಸುವುದು, ಅವರನ್ನೇ ಗುರಿಯಾಗಿಟ್ಟು ಜಾಹೀರಾತು ಕೊಡುವುದು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕೂಡದು. ತಪ್ಪಿದರೆ 200 ಕೋಟಿ ರೂಪಾಯಿಯವರೆಗೆ ದಂಡ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಮುಖ್ಯ ಕಟ್ಟುಪಾಡುಗಳಿಗೆ ಕಂಪನಿಗಳಿಗೆ 18 ತಿಂಗಳ ಕಾಲಾವಕಾಶ ಸಿಕ್ಕಿದೆ. ಆದರೆ ವಯಸ್ಸನ್ನು ಸುಳ್ಳು ಹೇಳಿ ಖಾತೆ ತೆರೆದ ಮಗುವಿಗೆ ಈ ರಕ್ಷಣೆ ತಲುಪುವುದು ಕಷ್ಟ. ಹದಿಮೂರರ ಹುಡುಗ ಕಂಪನಿಯ ಕಡತದಲ್ಲಿ ಇಪ್ಪತ್ತರ ಯುವಕನಾಗಿಬಿಟ್ಟಿರುತ್ತಾನೆ.

ತಂದೆತಾಯಂದಿರಿಗೆ ಒಂದು ಮಾತು

ಇದನ್ನೆಲ್ಲ ಓದಿ ಇಂದೇ ಮಗಳ ಫೋನನ್ನು ಕಸಿದುಕೊಂಡು ಸಂದೇಶಗಳನ್ನು ಜಾಲಾಡಲು ಹೊರಡಬೇಡಿ. ಹಾಗೆ ಮಾಡಿದರೆ ಹಿಂಬಾಲಿಸುವವರ ಪಟ್ಟಿಗೆ ಇನ್ನೊಂದು ಹೆಸರು ಸೇರಿದಂತಾಗುತ್ತದೆ. ಮಕ್ಕಳು ಮರೆಮಾಚುವುದನ್ನು ಕಲಿಯುತ್ತಾರೆಯೇ ಹೊರತು ಕಾಪಾಡಿಕೊಳ್ಳುವುದನ್ನಲ್ಲ. ಅದರ ಬದಲು ಈ ಭಾನುವಾರ ನಿಮ್ಮ ಫೋನನ್ನೇ ಮಕ್ಕಳ ಕೈಗೆ ಕೊಟ್ಟು, ನಿಮ್ಮ ಖಾತೆಯಲ್ಲಿ ಯಾವ ಯಾವ ತಾಣಗಳ ಹೆಸರು ಸೇರಿದೆ ಎಂದು ಹುಡುಕಲು ಹೇಳಿ. ಅವರಿಗೆ ಬೆರಳು ಚುರುಕು, ನಿಮಗೆ ಅನುಭವ ಹೆಚ್ಚು. ಆ ಪಟ್ಟಿಯನ್ನು ಇಬ್ಬರೂ ಕೂತು ಓದುವಾಗ, ಏನನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂಬ ಮಾತು ತಾನಾಗಿಯೇ ಬರುತ್ತದೆ. ಉಪದೇಶಕ್ಕಿಂತ ಅದು ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ.